ಗಾಲಿ ಕೂಡುವ ಲೆಕ್ಕ

ಕಾರಿಗೆ ಹೊಸ ಗಾಲಿ ತೊಡಿಸಬೇಕೆಂದು ಹೊರಟವನು ಅಂಗಡಿಯ ಮೆಟ್ಟಿಲು ಹತ್ತುತ್ತಲೇ ಕೇಳುವ ಮೊದಲ ಪ್ರಶ್ನೆ, "ಎಷ್ಟು ಅಂಗುಲದ್ದು ಹಿಡಿಸುತ್ತದೆ?" ಎಂಬುದು. ಪ್ರಶ್ನೆಯೇನೋ ಸಹಜವಾದುದೇ. ಗಾಲಿಯ ವ್ಯಾಸ ಕಣ್ಣಿಗೆ ಕಾಣುತ್ತದೆ. ಬೀದಿಯಲ್ಲಿ ನಿಂತವರಿಗೂ ಕಾಣುತ್ತದೆ. ಆದರೆ ಗಾಲಿಯೊಂದು ಕಾರಿಗೆ ಕೂಡುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಸಂಗತಿಗಳಲ್ಲಿ ಬಹುಪಾಲು ಅದರ ಬೆನ್ನಿನ ಕಡೆಗೆ ಅಡಗಿಕೊಂಡಿರುತ್ತವೆ. ಅಂಗುಲವೊಂದನ್ನೇ ನೋಡಿ ಕೊಂಡು ಬರುವುದೆಂದರೆ, ಸಂಬಂಧ ನೋಡಲು ಹೋದವರು ಮುಂಬಾಗಿಲಿನ ತೋರಣವನ್ನು ನೋಡಿ ಒಪ್ಪಿಗೆ ಕೊಟ್ಟು ಹಿಂದಿರುಗಿದಂತೆ.

ಈ ವಿಷಯದಲ್ಲಿ ಒಳ್ಳೆಯ ಪಾಠ ಹೇಳಬಲ್ಲ ವಾಹನವೆಂದರೆ ಜಪಾನಿನ ಮಾಜ್ದಾ ಎಂಎಕ್ಸ್-5. ಇಬ್ಬರು ಮಾತ್ರ ಕೂರಬಹುದಾದ, ಮೇಲ್ಹೊದಿಕೆಯನ್ನು ಮಡಿಸಿಡಬಹುದಾದ ಈ ಪುಟ್ಟ ಸ್ಪೋರ್ಟ್ಸ್ ಕಾರು 1989ರ ಫೆಬ್ರವರಿಯಲ್ಲಿ ಅಮೆರಿಕದ ಷಿಕಾಗೋ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಅಮೆರಿಕದಲ್ಲಿ ಇದಕ್ಕೆ ಮಿಯಾಟ ಎಂದು ಹೆಸರು. 2016ರ ಏಪ್ರಿಲ್ ತಿಂಗಳಿನಲ್ಲಿ ಇದರ ಹತ್ತು ಲಕ್ಷದ ಕಾರು ತಯಾರಾಯಿತು. ಕರ್ನಾಟಕದ ರಸ್ತೆಗಳಲ್ಲಿ ಇದು ಕಾಣಸಿಗುವುದು ಅಪರೂಪ. ಆದರೆ ಪರದೇಶಗಳಲ್ಲಿ ಹಳೆಯದೊಂದನ್ನು ಕೊಂಡು, ಭಾನುವಾರ ಪೂರ್ತಿ ಅದರ ಕೆಳಗೆ ಮಲಗಿ ಸುಖಪಡುವ ತರುಣರಿಗೆ ಕೊರತೆಯಿಲ್ಲ. ಅವರು ಮೊದಲು ಬದಲಾಯಿಸಲು ಹಂಬಲಿಸುವುದು ಗಾಲಿಗಳನ್ನೇ. ಏತಕ್ಕೆಂದರೆ 1989ರ ಕಾರಿಗೆ ಕಾರ್ಖಾನೆ ಕೊಟ್ಟದ್ದು 14 ಅಂಗುಲ ವ್ಯಾಸದ, ಐದೂವರೆ ಅಂಗುಲ ಅಗಲದ, ಇಂದಿನ ಕಣ್ಣಿಗೆ ಬಡಕಲಾಗಿ ತೋರುವ ಗಾಲಿ.

ಇಲ್ಲಿಯೇ ಮೊದಲನೆಯ ತೊಡಕು ಎದುರಾಗುತ್ತದೆ. ಒಂದೇ ಹೆಸರಿನ ಈ ಕಾರಿಗೆ ಇದುವರೆಗೆ ನಾಲ್ಕು ತಲೆಮಾರುಗಳಾಗಿವೆ. ಮೊದಲ ಎರಡು ತಲೆಮಾರುಗಳಲ್ಲಿ ಗಾಲಿಯನ್ನು ಹಿಡಿಯುವ ಬೋಲ್ಟುಗಳು ನಾಲ್ಕು. ಅವು 100 ಮಿ.ಮೀ. ವ್ಯಾಸದ ವೃತ್ತದ ಮೇಲೆ ನಿಂತಿವೆ. 2005ರಲ್ಲಿ ಬಂದ ಮೂರನೆಯ ತಲೆಮಾರಿಗೆ ಬೋಲ್ಟುಗಳು ಐದಾದವು, ವೃತ್ತ 114.3 ಮಿ.ಮೀ. ಆಯಿತು. 2015ರ ನಾಲ್ಕನೆಯ ತಲೆಮಾರು ಮತ್ತೆ ಅಜ್ಜನ ದಾರಿ ಹಿಡಿದು ನಾಲ್ಕು ಬೋಲ್ಟು, 100 ಮಿ.ಮೀ.ಗೆ ಮರಳಿತು. ಆದುದರಿಂದ 2008ರ ಕಾರಿನ ಗಾಲಿ 1995ರ ಕಾರಿಗೂ ಕೂಡದು, 2018ರ ಕಾರಿಗೂ ಕೂಡದು. "ಮಿಯಾಟದ ಗಾಲಿಗಳು ಮಾರಾಟಕ್ಕಿವೆ" ಎಂಬ ಜಾಹೀರಾತನ್ನು ನಂಬಿ, ವರ್ಷ ವಿಚಾರಿಸದೆ ಹಣ ತೆತ್ತವನಿಗೆ ಮನೆಯ ಮೂಲೆಯಲ್ಲಿಡಲು ನಾಲ್ಕು ಭಾರವಾದ ಅಲಂಕಾರ ವಸ್ತುಗಳು ದೊರೆತಂತಾಯಿತು.

ಈ ವೃತ್ತವನ್ನು ಅಳೆಯುವುದು ಕಷ್ಟವಲ್ಲ. ನಾಲ್ಕು ರಂಧ್ರಗಳಿದ್ದರೆ ಎದುರುಬದುರಿನ ಎರಡರ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆದರೆ ಸಾಕು. ಐದು ರಂಧ್ರಗಳಿದ್ದಾಗ ಯಾವುದಕ್ಕೂ ನೇರ ಎದುರಿಲ್ಲ. ಆಗ ಪಕ್ಕಪಕ್ಕದ ಎರಡನ್ನು ಅಳೆಯಬೇಕು. ಆ ದೂರ ಸುಮಾರು 67.2 ಮಿ.ಮೀ. ಬಂದರೆ ವೃತ್ತ 114.3 ಎಂದು ತಿಳಿಯಬಹುದು. ಎಚ್ಚರವಿರಬೇಕಾದುದು ಹತ್ತಿರ ಹತ್ತಿರದ ಅಂಕೆಗಳಲ್ಲಿ. ಹಲವು ಫಿಯಟ್ ಕಾರುಗಳಲ್ಲಿ ಈ ವೃತ್ತ 98 ಮಿ.ಮೀ. ವ್ಯತ್ಯಾಸ ಎರಡೇ ಮಿ.ಮೀ.; ಬಲವಾಗಿ ತಿರುಗಿಸಿದರೆ ನಟ್ಟು ಬಿಗಿಯಾದಂತೆಯೂ ತೋರುತ್ತದೆ. ಆದರೆ ನಾಲ್ಕು ಬೋಲ್ಟುಗಳೂ ಒಂದೊಂದು ಕಡೆಗೆ ಎಳೆಯಲ್ಪಟ್ಟು, ಹೊರಡುವ ಮೊದಲೇ ದಣಿದಿರುತ್ತವೆ. ಇಂತಹ ಗಾಲಿಯನ್ನು ತೊಡಿಸುವುದೆಂದರೆ ಅಪಾಯವನ್ನು ಕೈಯಾರೆ ಕರೆದಂತೆ.

ಎರಡನೆಯದು ನಡುವಿನ ರಂಧ್ರ. ಎತ್ತಿನ ಗಾಡಿಯ ಗಾಲಿಗೆ ಗುಂಬವಿದ್ದಂತೆ ಕಾರಿಗೆ ಹಬ್ ಉಂಟು. ಹಬ್ಬಿನ ಮುಂಚಾಚಿದ ಭಾಗ ಗಾಲಿಯ ನಡುರಂಧ್ರದಲ್ಲಿ ಸರಿಯಾಗಿ ಕುಳಿತರೆ ಗಾಲಿ ತಾನಾಗಿ ನಡುವಿಗೆ ಬಂದು ನಿಲ್ಲುತ್ತದೆ. ನಾಲ್ಕು ಬೋಲ್ಟಿನ ಮಾಜ್ದಾ ಹಬ್ಬಿನ ಅಳತೆ 54.1 ಮಿ.ಮೀ. ಅದೇ ನಾಲ್ಕು ಬೋಲ್ಟು, ಅದೇ 100 ಮಿ.ಮೀ. ವೃತ್ತದ ಹೋಂಡಾ ಗಾಲಿಯ ನಡುರಂಧ್ರ 56.1. ಗಾಲಿ ಏರುತ್ತದೆ, ಆದರೆ ಸುತ್ತಲೂ ಒಂದೊಂದು ಮಿ.ಮೀ. ಸಡಿಲ ಉಳಿಯುತ್ತದೆ. ಊರೊಳಗೆ ಅದು ಗೊತ್ತಾಗದು. ಹೆದ್ದಾರಿಯಲ್ಲಿ ವೇಗ ಏರಿದಾಗ ಸ್ಟೀರಿಂಗ್ ಕೈಯಲ್ಲಿ ನಡುಗತೊಡಗುತ್ತದೆ. ಈ ಸಂದನ್ನು ತುಂಬಲು ತೆಳುವಾದ ಬಳೆಗಳು ಅಗ್ಗದ ಬೆಲೆಗೆ ಸಿಕ್ಕುತ್ತವೆ. ಗಾಲಿಯ ರಂಧ್ರವೇ ಹಬ್ಬಿಗಿಂತ ಕಿರಿದಾಗಿದ್ದರೆ ಮಾತ್ರ ಯಾವ ಬಳೆಯೂ ನೆರವಿಗೆ ಬಾರದು.

ಬಳೆ ತೊಡಿಸಿದಲ್ಲಿಗೆ ಹೋಂಡಾ ಗಾಲಿಯ ಕಥೆ ಮುಗಿಯುವುದಿಲ್ಲ. ಹೋಂಡಾ ಕಾರ್ಖಾನೆಯ ಗಾಲಿಗಳಲ್ಲಿ ನಟ್ಟು ಕೂರುವ ಗುಳಿ ಬಟ್ಟಲಿನಂತೆ ದುಂಡಗೆ; ಮಾಜ್ದಾದ ನಟ್ಟಿನ ತುದಿ ಶಂಕುವಿನಂತೆ ಓರೆ. ದುಂಡು ಗುಳಿಯಲ್ಲಿ ಓರೆಯ ನಟ್ಟು ಕೂರಿಸಿದರೆ ಅವೆರಡೂ ಕೂದಲೆಳೆಯಂತಹ ಒಂದು ಗೆರೆಯಲ್ಲಿ ಮಾತ್ರ ತಾಗುತ್ತವೆ. ಪಾನೆಯ ಹಿಡಿಯಲ್ಲಿ ಬಿಗಿ ಸರಿಯಾಗಿಯೇ ಕಂಡರೂ ದಾರಿಯಲ್ಲಿ ಅದು ಸಡಿಲಾಗುತ್ತದೆ. ಇದನ್ನು ಅಂಗಡಿಯವರು ಕೇಳದೆ ಹೇಳುವುದು ಕಡಿಮೆ.

ಇನ್ನು ಎಲ್ಲಕ್ಕೂ ಮಿಗಿಲಾದ, ಎಲ್ಲರೂ ಎಡವುವ ಸಂಗತಿಗೆ ಬರಬಹುದು. ಅದಕ್ಕೆ ಆಫ್‌ಸೆಟ್ ಎಂದು ಹೆಸರು. ಗಾಲಿಯ ಬೆನ್ನಿನಲ್ಲಿ "ಇಟಿ 45" ಎಂಬಂತೆ ಕೆತ್ತಿರುವುದು ಇದನ್ನೇ; ಐನ್‌ಪ್ರೆಸ್‌ಟೀಫೆ ಎಂಬ ಜರ್ಮನ್ ಪದದ ಸಂಕ್ಷೇಪವದು. ಗಾಲಿಯ ಅಗಲದ ನಟ್ಟನಡುವೆ ಒಂದು ಗೆರೆ ಎಳೆದರೆ, ಆ ಗೆರೆಯಿಂದ ಹಬ್ಬಿಗೆ ತಾಗುವ ಮುಖ ಎಷ್ಟು ಮಿ.ಮೀ. ಹೊರಕ್ಕಿದೆಯೋ ಅಷ್ಟು ಆಫ್‌ಸೆಟ್. ಈ ಅಂಕೆ ಹೆಚ್ಚಾದಷ್ಟೂ ಗಾಲಿ ಕಾರಿನ ಒಳಕ್ಕೆ ಸರಿಯುತ್ತದೆ; ಕಡಿಮೆಯಾದಷ್ಟೂ ಹೊರಕ್ಕೆ ಚಾಚುತ್ತದೆ.

ಕಾಗದ, ಪೆನ್ಸಿಲು ಹಿಡಿದು ಕುಳಿತರೆ ಪ್ರೌಢಶಾಲೆಯ ಹುಡುಗನೂ ಈ ಲೆಕ್ಕ ಬಿಡಿಸಬಲ್ಲ. 1989ರ ಗಾಲಿಯ ಅಗಲ ಐದೂವರೆ ಅಂಗುಲ, ಎಂದರೆ 139.7 ಮಿ.ಮೀ.; ಅದರ ಅರ್ಧ ಸುಮಾರು 70. ಆಫ್‌ಸೆಟ್ 45. ಕೂಡಿಸಿದರೆ 115: ಹಬ್ಬಿನ ಮುಖದಿಂದ ಗಾಲಿ ಅಷ್ಟು ಒಳಕ್ಕೆ ಹೋಗಿದೆ. ಕಳೆದರೆ 25: ಅಷ್ಟು ಹೊರಕ್ಕೆ ಬಂದಿದೆ. ಈಗ ಆ ಜಾಗಕ್ಕೆ ಏಳು ಅಂಗುಲ ಅಗಲದ, ಆಫ್‌ಸೆಟ್ 35 ಇರುವ ಗಾಲಿ ತಂದರೆನ್ನಿ. ಅರ್ಧ ಅಗಲ 89. ಕೂಡಿಸಿದರೆ 124, ಕಳೆದರೆ 54. ಎಂದರೆ ಹೊಸ ಗಾಲಿ ಒಳಗಡೆ 9 ಮಿ.ಮೀ., ಹೊರಗಡೆ 29 ಮಿ.ಮೀ. ಹೆಚ್ಚು ಜಾಗ ಬೇಡುತ್ತದೆ. "ಕಾರ್ಖಾನೆಯವರು 45 ಕೊಟ್ಟಿದ್ದಾರೆ, ಆದ್ದರಿಂದ 45ನ್ನೇ ಕೊಳ್ಳುತ್ತೇನೆ" ಎಂದು ಜಾಣತನ ತೋರುವವರೂ ಉಂಟು. ಅವರ ಏಳು ಅಂಗುಲದ ಗಾಲಿ ಒಳಗೂ ಹೊರಗೂ 19 ಮಿ.ಮೀ. ಬೆಳೆಯುತ್ತದೆ; ಒಳಗಡೆ ಶಾಕ್ ಅಬ್ಸಾರ್ಬರ್ ಮತ್ತದರ ತೋಳುಗಳು ಕಾದಿರುತ್ತವೆ. ಅಗಲ ಬದಲಾದ ಮೇಲೆ ಆಫ್‌ಸೆಟ್ಟಿನ ಹಳೆಯ ಅಂಕೆಗೆ ಹಳೆಯ ಅರ್ಥ ಉಳಿಯದು.

ಇದಕ್ಕೆ ವಿರುದ್ಧವಾದ ಮೋಹವೂ ಇದೆ. ಗಾಲಿ ಮಡ್‌ಗಾರ್ಡಿನಾಚೆಗೆ ಉಬ್ಬಿ ನಿಂತರೆ ಕಾರಿಗೆ ಪೈಲ್ವಾನನ ಕಳೆ ಬರುತ್ತದೆಂದು ಅದೇ ಏಳು ಅಂಗುಲಕ್ಕೆ 20ರ ಆಫ್‌ಸೆಟ್ ಆರಿಸುತ್ತಾರೆ. ಹೊರಕ್ಕೆ 44 ಮಿ.ಮೀ. ಹೆಚ್ಚಾಯಿತು. ರಸ್ತೆಯ ಪ್ರತಿಯೊಂದು ಗುಂಡಿಯ ಏಟೂ ಆ ದೂರದಿಂದ ಸನ್ನೆಕೋಲಿನಂತೆ ಹಬ್ಬಿನ ಬೇರಿಂಗಿನ ಮೇಲೆ ಬೀಳುತ್ತದೆ. ಸ್ಟೀರಿಂಗ್ ಚಾಲಕನ ಮಾತಿಗಿಂತ ರಸ್ತೆಯ ಮಾತನ್ನು ಹೆಚ್ಚು ಕೇಳತೊಡಗುತ್ತದೆ. ನೋಡಲು ಚೆಂದವಿರಬಹುದು. ಆದರೆ ಎರಡೇ ಆಸನದ ಕಾರಿನಲ್ಲಿ ಪಕ್ಕದಲ್ಲಿ ಕೂರುವವಳು ಹೆಂಡತಿಯೋ ಮಗಳೋ ಆಗಿರುತ್ತಾಳೆ.

ಟೈರಿನ ಲೆಕ್ಕ ಇದಕ್ಕಿಂತ ಸುಲಭ. ಮೊದಲ ಕಾರಿನ ಟೈರಿನ ಮೇಲೆ 185/60 ಆರ್ 14 ಎಂದಿತ್ತು. ಅಗಲ 185 ಮಿ.ಮೀ.; ಅದರ ನೂರಕ್ಕೆ ಅರುವತ್ತು, ಎಂದರೆ 111 ಮಿ.ಮೀ. ಪಕ್ಕೆಯ ಎತ್ತರ. ಮೇಲೊಂದು ಕೆಳಗೊಂದು ಸೇರಿ 222. ರಿಮ್ಮಿನ 14 ಅಂಗುಲಕ್ಕೆ 355.6, ಒಟ್ಟು ಎತ್ತರ 577.6 ಮಿ.ಮೀ. ರಿಮ್ಮನ್ನು 15 ಅಂಗುಲ ಮಾಡಿ 195/50 ಟೈರು ತೊಡಿಸಿದರೆ ಒಟ್ಟು 576. ಒಂದೂವರೆ ಮಿ.ಮೀ. ಮಾತ್ರ ವ್ಯತ್ಯಾಸ! ಎರಡನೆಯ ತಲೆಮಾರಿಗೆ ಮಾಜ್ದಾದವರೇ ಈ ಅಳತೆಯನ್ನು ಕೊಟ್ಟರು. ಆಸೆ ಬಲಿತು 17 ಅಂಗುಲಕ್ಕೆ ಹೋಗಿ 205/40 ತೊಡಿಸಿದರೆ ಒಟ್ಟು 595.8, ಎಂದರೆ ನೂರಕ್ಕೆ ಮೂರಕ್ಕಿಂತ ತುಸು ಹೆಚ್ಚು. ಆಗ ವೇಗಮಾಪಕ 100 ಎಂದಾಗ ಕಾರು 103ರಲ್ಲಿ ಓಡುತ್ತಿರುತ್ತದೆ. ಪೊಲೀಸರಿಗೆ ಈ ಲೆಕ್ಕ ವಿವರಿಸುವುದು ಸುಲಭವಲ್ಲ. ಪಕ್ಕೆಯ ಎತ್ತರವೂ 111ರಿಂದ 82ಕ್ಕೆ ಇಳಿದಿರುತ್ತದೆ. ರಸ್ತೆಯ ಏಟನ್ನು ನುಂಗುವ ರಬ್ಬರು ಮತ್ತು ಗಾಳಿ ಅಷ್ಟು ಕಡಿಮೆ. ಉಳಿದ ಏಟು ಮೊದಲು ರಿಮ್ಮಿಗೆ, ಆಮೇಲೆ ಕೂತವರ ಬೆನ್ನಿಗೆ. ಟೈರಿನ ಪಕ್ಕೆಯ ಮೇಲೆ 82 ಎಂಬ ಇನ್ನೊಂದು ಅಂಕೆಯೂ ಇರುವುದುಂಟು. ಅದು ಅಳತೆಯಲ್ಲ, ಆ ಟೈರು 475 ಕಿಲೋಗ್ರಾಂ ಹೊರಬಲ್ಲದೆಂಬ ಸಂಕೇತ. ಹೊಸ ಟೈರಿನಲ್ಲಿ ಇದು ಕಡಿಮೆಯಾಗಕೂಡದು.

ಲೆಕ್ಕವೆಲ್ಲ ಸರಿಹೋದ ಮೇಲೂ ಬ್ರೇಕು ಒಪ್ಪಬೇಕು. ಒಂದೇ ವ್ಯಾಸ, ಒಂದೇ ಅಗಲ, ಒಂದೇ ಆಫ್‌ಸೆಟ್ಟಿನ ಎರಡು ಗಾಲಿಗಳಲ್ಲಿ ಒಂದು ಸರಾಗವಾಗಿ ತಿರುಗಿ, ಇನ್ನೊಂದು ಬ್ರೇಕಿನ ಕ್ಯಾಲಿಪರಿಗೆ ಕೆರೆಯುವುದುಂಟು. ಗಾಲಿಯ ಅರೆಕಾಲುಗಳು ಹೊರಕ್ಕೆ ಬಾಗಿವೆಯೋ ಒಳಕ್ಕೆ ಬಾಗಿವೆಯೋ ಎಂಬುದನ್ನು ಯಾವ ಅಂಕೆಯೂ ಹೇಳುವುದಿಲ್ಲ. ಹಲವು ತಯಾರಕರು ಬ್ರೇಕಿನ ಆಕಾರದ ನಕ್ಷೆ ಕೊಡುತ್ತಾರೆ. ಅದನ್ನು ರಟ್ಟಿನ ಮೇಲೆ ಅಂಟಿಸಿ ಕತ್ತರಿಸಿ, ಗಾಲಿಯ ಬೆನ್ನಿಗೆ ಹಿಡಿದು ನೋಡಬೇಕು. ನಾಲ್ಕಾಣೆಯ ರಟ್ಟು ಸಾವಿರಗಟ್ಟಲೆ ಉಳಿಸುತ್ತದೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಗಾಲಿ ಒಳಗಡೆ ತಾಗಿದರೆ ಹಬ್ಬಿಗೂ ಗಾಲಿಗೂ ನಡುವೆ ಸ್ಪೇಸರ್ ಎಂಬ ಬಿಲ್ಲೆಯನ್ನಿಟ್ಟು ಹೊರಕ್ಕೆ ತಳ್ಳುವವರಿದ್ದಾರೆ. ಬಿಲ್ಲೆಯಿಂದ ದೋಷವಿಲ್ಲ, ಬಿಲ್ಲೆಯ ದಪ್ಪದಷ್ಟು ಬೋಲ್ಟು ಗಿಡ್ಡವಾಗುವುದೇ ದೋಷ. ಈ ಕಾರಿನ ಬೋಲ್ಟು 12 ಮಿ.ಮೀ. ದಪ್ಪದ್ದು, ಅದರ ಒಂದೊಂದು ಸುತ್ತಿನ ಏರಿಕೆ ಒಂದೂವರೆ ಮಿ.ಮೀ. ಬೋಲ್ಟಿನ ದಪ್ಪದಷ್ಟಾದರೂ ಉದ್ದ ನಟ್ಟಿನೊಳಗೆ ಹೋಗಿರಬೇಕೆಂಬುದು ಮೆಕ್ಯಾನಿಕ್ಕುಗಳ ನಂಬಿಕೆಯ ನಿಯಮ. ಎಂದರೆ ನಟ್ಟು ಕೈಯಲ್ಲಿ ಎಂಟು ಪೂರ್ತಿ ಸುತ್ತು ತಿರುಗಬೇಕು. ನಾಲ್ಕೈದು ಸುತ್ತಿಗೇ ನಿಂತರೆ ಉದ್ದನೆಯ ಬೋಲ್ಟು ಹಾಕಿಸಬೇಕು, ಇಲ್ಲವೆ ಆ ಬಿಲ್ಲೆಯನ್ನು ಮರೆಯಬೇಕು.

ಕಾನೂನಿಗೂ ಇದರಲ್ಲಿ ಮಾತಿದೆ. ಜಪಾನಿನಲ್ಲಿ ರಿಮ್ಮು ಮಡ್‌ಗಾರ್ಡಿನಿಂದ ಹೊರಚಾಚಿದ್ದರೆ ಶಾಕೆನ್ ಎಂಬ ನಿಯತಕಾಲಿಕ ಪರೀಕ್ಷೆಯಲ್ಲಿ ಕಾರು ತೇರ್ಗಡೆಯಾಗದು. ಭಾರತದಲ್ಲಿ ವಾಹನದ ಮಾರ್ಪಾಡನ್ನು ಕುರಿತದ್ದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸಕೂಡದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಆದ್ದರಿಂದ ಇಲ್ಲಿ ಯಾವ ಕಾರಿಗೇ ಆಗಲಿ, ತಯಾರಕರು ಆ ಮಾದರಿಗೆ ಒಪ್ಪಿರುವ ಅಳತೆಗಳ ಪಟ್ಟಿಯೊಳಗೇ ಇರುವುದು ಕ್ಷೇಮ.

ಕಡೆಯ ಪರೀಕ್ಷೆ ಕಾರಿನ ಮೇಲೆಯೇ ನಡೆಯತಕ್ಕದ್ದು, ಅದೂ ನಾಲ್ಕೂ ಗಾಲಿಗಳಿಗೆ ಟೈರು ಏರಿಸುವ ಮೊದಲು. ಟೈರು ಏರಿಸಿದ ಗಾಲಿಯನ್ನು ಹಿಂದಕ್ಕೆ ಪಡೆಯುವ ಅಂಗಡಿ ವಿರಳ. ಮೊದಲು ಬರಿಯ ರಿಮ್ಮನ್ನು ತೊಡಿಸಿ ಕೈಯಿಂದ ತಿರುಗಿಸಿ ಬ್ರೇಕನ್ನು ನೋಡಬೇಕು. ಅನಂತರ ಒಂದೇ ಒಂದು ಗಾಲಿಗೆ ಟೈರು ಏರಿಸಿ, ಮುಂದಿನ ಹಬ್ಬಿಗೆ ಕೂರಿಸಿ, ಕಾರನ್ನು ನೆಲಕ್ಕಿಳಿಸಿ, ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಬೇಕು. ಇಬ್ಬರು ಕುಳಿತಾಗ ಕಾರು ತಗ್ಗುತ್ತದೆ. ಆಗಲೂ ಮಡ್‌ಗಾರ್ಡಿನ ಒಳಅಂಚಿಗೂ ಟೈರಿಗೂ ನಡುವೆ ಬೆರಳು ಆಡುವಷ್ಟು ಸಂದಿರಬೇಕು. ಅದೇ ಗಾಲಿಯನ್ನು ಹಿಂದಕ್ಕೂ ತೊಡಿಸಿ ನೋಡಬೇಕು. ಮುಂದೆ ಕೂಡಿದ್ದು ಹಿಂದೆ ತಾಗುವುದುಂಟು. ಎಲ್ಲವೂ ಒಪ್ಪಿದರೆ ಉಳಿದ ಮೂರಕ್ಕೂ ಟೈರು ಏರಿಸಿ, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿಗೆ, ಎದುರುಬದುರಾಗಿ ನಟ್ಟುಗಳನ್ನು ಬಿಗಿದು, ನೂರು ಕಿಲೋಮೀಟರ್ ಓಡಿಸಿದ ಮೇಲೆ ಪಾನೆ ಹಿಡಿದು ಮತ್ತೊಮ್ಮೆ ನೋಡಬೇಕು.