ಬಿಸಿಯಾದ್ರೆ ಸರಿಹೋಗುತ್ತಂತೆ!

ಹೊಸೂರು ಬಳಿಯ ಜೂಜುವಾಡಿ ಗಡಿಯ ಆಸುಪಾಸಿನಲ್ಲಿ ರಾತ್ರಿ ತಂಗಿದ ಲಾರಿಗಳು ಬೆಳಗಿನ ಜಾವ ಸ್ಟಾರ್ಟ್ ಆಗುವಾಗ ಒಮ್ಮೆ ಕಿವಿಗೊಟ್ಟು ಕೇಳಿ. ಕೆಲವು ಎಂಜಿನ್‌ಗಳ ಪಕ್ಕೆಯಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತದೆ. ಡ್ರೈವರಣ್ಣನ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ: "ಏನಿಲ್ಲ ಸಾರ್, ಬಿಸಿಯಾದ್ರೆ ಸರಿಹೋಗುತ್ತೆ." ಅತ್ತಿಬೆಲೆ ದಾಟಿ ಚಂದಾಪುರ ಮುಟ್ಟುವಷ್ಟರಲ್ಲಿ ಸದ್ದು ಅಡಗುವುದೂ ನಿಜವೇ. ಅಲ್ಲಿಗೆ ರಿಪೇರಿಯೂ ಮುಗಿಯಿತು, ಚಿಂತೆಯೂ ಮುಗಿಯಿತು.

ಸರಿಹೋಗುವುದಿಲ್ಲ ಸ್ವಾಮಿ, ಬಾಯಿ ಮುಚ್ಚಿಕೊಳ್ಳುತ್ತದೆ, ಅಷ್ಟೆ. ಹೊಗೆ ಹೊರಹೋಗುವ ಮ್ಯಾನಿಫೋಲ್ಡ್ ಬೀಡುಕಬ್ಬಿಣದ್ದು, ಕಾಯ್ದರೆ ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಬೀಡಿಗೆ 500 ಡಿಗ್ರಿ ಬಿಸಿ ಏರಿದರೆ ಅದು ಸುಮಾರು 5 ಮಿಲಿಮೀಟರ್ ಬೆಳೆಯುತ್ತದೆ. ಹಾಗೆ ಹಿಗ್ಗಿದಾಗ ಮ್ಯಾನಿಫೋಲ್ಡಿಗೂ ಎಂಜಿನ್ ಹೆಡ್ಡಿಗೂ ನಡುವಿನ ಸಂದು ಮುಚ್ಚುತ್ತದೆ, ಸಂಜೆ ಎಂಜಿನ್ ತಣಿದಾಗ ಮತ್ತೆ ತೆರೆಯುತ್ತದೆ. ದಿನವೂ ಇದೇ ಆಟ. ಆ ಕೂದಲೆಳೆಯ ಸಂದಿನಲ್ಲಿ ನುಗ್ಗುವ ಬಿಸಿ ಹೊಗೆ ಮೊದಲು ಗ್ಯಾಸ್ಕೆಟ್ಟನ್ನು ತಿನ್ನುತ್ತದೆ, ಆಮೇಲೆ ಹೆಡ್ಡಿನ ಮೈಯನ್ನೂ ಕೊರೆಯುತ್ತದೆ. ಎಳೆದಾಟಕ್ಕೆ ಸಿಕ್ಕ ಸ್ಟಡ್ ಒಂದು ದಿನ ಪಟ್ಟೆಂದು ಮುರಿಯುತ್ತದೆ, ಬಹುಪಾಲು ತುದಿಯದ್ದೇ. ಲೀಕಾದ ಜಾಗದಲ್ಲಿ ಕಪ್ಪು ಮಸಿಯ ಗೆರೆ ತಿಂಗಳುಗಟ್ಟಲೆ ಕಣ್ಣಿಗೆ ರಾಚುತ್ತಿರುತ್ತದೆ. ನೋಡುವವರಿಲ್ಲ.

ನೋಡಿದ ಮೇಲೂ ಮಾಡುವುದೇನು? ಹಳೆಯ ಗ್ಯಾಸ್ಕೆಟ್ಟನ್ನೇ ಒರೆಸಿ, ತಿರುವಿ ಹಾಕುವುದು. ಒಮ್ಮೆ ಒತ್ತಡಕ್ಕೆ ಸಿಕ್ಕಿ ಚಪ್ಪಟೆಯಾದದ್ದು ಎರಡನೆಯ ಸಲ ಎಲ್ಲಿಂದ ಕಚ್ಚೀತು? ಸಾಲದಿದ್ದರೆ ಮೇಲಿಷ್ಟು ಸಿಲಿಕಾನ್ ಗಮ್. ಬಿಸಿ ತಾಳುತ್ತದೆಂದು ಹೊಗಳುವ ಕೆಂಪು ಗಮ್ ಕೂಡ 350 ಡಿಗ್ರಿಯ ಆಸುಪಾಸಿನಲ್ಲೇ ಕೈಚೆಲ್ಲುತ್ತದೆ. ಲೋಡ್ ಹೊತ್ತು ಏರು ಹತ್ತುವ ಡೀಸೆಲ್ ಎಂಜಿನ್ನಿನ ಹೊಗೆ 600 ಡಿಗ್ರಿ ದಾಟುತ್ತದೆ. ದೋಸೆಕಾವಲಿಯ ಬಿರುಕಿಗೆ ಮೈದಾಹಿಟ್ಟಿನ ಅಂಟು ಹಚ್ಚಿದ ಹಾಗೆ!

ಹೊಸೂರಿನ ಮಗ್ಗುಲಲ್ಲಿ ಇದನ್ನು ಹೇಳಬೇಕಾದದ್ದೇ ನಾಚಿಕೆಗೇಡು. ಅಶೋಕ್ ಲೇಲ್ಯಾಂಡ್ 1980ರಿಂದ ಇಲ್ಲಿದೆ, ಟಿವಿಎಸ್ ಇದೆ, ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ತುಂಬ ಬಿಡಿಭಾಗಗಳ ಕಾರ್ಖಾನೆಗಳಿವೆ. ಇಂಥ ಕಡೆ ಒಂದೊಂದು ನಟ್ಟಿಗೂ ಇಷ್ಟೇ ಬಿಗಿ ಎಂಬ ಲೆಕ್ಕವಿರುತ್ತದೆ. ಗೇಟು ದಾಟಿ ಗ್ಯಾರೇಜಿಗೆ ಬಂದರೆ ಲೆಕ್ಕ ಹೋಗಿ ಕೈಯಂದಾಜು ಉಳಿಯುತ್ತದೆ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಮೈಭಾರವೆಲ್ಲ ಹಾಕಿ ಎಳೆಯುವುದಕ್ಕೆ 'ಅನುಭವ' ಎಂದು ಹೆಸರು.

ಕಡಲ ಕಡೆಯವರ ಮುಂದೆ 'ಬಿಸಿಯಾದ್ರೆ ಸರಿಹೋಗುತ್ತೆ' ಎಂದು ಹೇಳಿ ನೋಡಿ. ನೀರಿನಿಂದ ತಣಿಸುವ ಮ್ಯಾನಿಫೋಲ್ಡ್ ಇರುವ ದೋಣಿ ಎಂಜಿನ್ನಿನಲ್ಲಿ ಗ್ಯಾಸ್ಕೆಟ್ ಸೋತರೆ ಹೊಗೆ ಹೊರಗೆ ಹೋಗುವುದಷ್ಟೇ ಅಲ್ಲ, ನೀರು ಒಳಗೆ, ಸಿಲಿಂಡರಿಗೇ ಇಳಿಯಬಹುದು. ನೀರನ್ನು ಅದುಮಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಡುಗಡಲಿನಲ್ಲಿ ನಿಂತವನಿಗೆ ಪಂಕ್ಚರ್ ಅಂಗಡಿಯೂ ಇಲ್ಲ, ಟೀ ಅಂಗಡಿಯೂ ಇಲ್ಲ. ನಮ್ಮನ್ನು ಹಾಳುಮಾಡಿರುವುದು ರಸ್ತೆ ಪಕ್ಕದ ಈ ಸುಖವೇ.

ಲಾರಿಯೂ ಏನು ಕ್ಷಮಿಸುವುದಿಲ್ಲ. ಟರ್ಬೊ ಮುಟ್ಟುವ ಮೊದಲೇ ಹೊಗೆ ಸೋರಿದರೆ ಟರ್ಬೊಗೆ ತಿರುಗುವ ಕಸುವಿಲ್ಲ. ಗಾಳಿ ಕಡಿಮೆ, ಕರಿಹೊಗೆ ಜಾಸ್ತಿ, ಪಿಕಪ್ ಇಲ್ಲ, ಡೀಸೆಲ್ ಖರ್ಚು ಬೇರೆ. ಡೀಸೆಲ್ ಕದ್ದನೆಂದು ಮಾಲೀಕ ಡ್ರೈವರನ ಮೇಲೆ ಹಾರಾಡುತ್ತಾನೆ, ಕಳ್ಳ ಮಾತ್ರ ಎಂಜಿನ್ನಿನ ಪಕ್ಕದಲ್ಲೇ ಕೂತಿರುತ್ತಾನೆ. ಎಂಜಿನ್ ಓಡುವಂತೆಯೇ ಬಿಟ್ಟು ಕ್ಯಾಬಿನ್ನಿನಲ್ಲಿ ಮಲಗುವವರ ಮೂಗಿಗೆ ಆ ಸೋರಿಕೆ ಹೋಗುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಎಕ್ಸಾಸ್ಟ್ ಬ್ರೇಕಿನ ಮಾತನ್ನಂತೂ ಯಾರೂ ಎತ್ತುವುದೇ ಇಲ್ಲ. ಇಳಿಜಾರಿನಲ್ಲಿ ಹೊಗೆಯ ದಾರಿ ಮುಚ್ಚಿ, ಒಳಗೆ ಒತ್ತಡ ಕಟ್ಟಿ ಲಾರಿಯನ್ನು ಹಿಡಿಯುವ ವ್ಯವಸ್ಥೆ ಅದು. ಸಂದಿನಲ್ಲಿ ಸೋರುತ್ತಿದ್ದರೆ ಒತ್ತಡ ಎಲ್ಲಿ ಕಟ್ಟುತ್ತದೆ? ಹಿಡಿತ ಸಡಿಲವಾದಷ್ಟೂ ಭಾರ ಚಕ್ರದ ಬ್ರೇಕಿನ ಮೇಲೆ ಬೀಳುತ್ತದೆ, ಅದು ಕಾಯ್ದು ಸೋಲುತ್ತದೆ. ಹೊಸೂರನ್ನು ಹಾದುಹೋಗುವ ಇದೇ 44ನೇ ಹೆದ್ದಾರಿಯಲ್ಲಿ ಧರ್ಮಪುರಿ ದಾಟಿದ ಮೇಲೆ ಸಿಗುವ ತೊಪ್ಪೂರು ಘಾಟಿನ ಹೆಸರು ಕೇಳದ ಲಾರಿಯವರಿಲ್ಲ. ಅಲ್ಲಿನ ಅಪಘಾತಗಳಿಗೆ ಗ್ಯಾಸ್ಕೆಟ್ಟೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆ ಇಳಿಜಾರಿಗೆ ಅರೆಬರೆ ಹಿಡಿತದ ಗಾಡಿ ಕಳಿಸುವ ಧೈರ್ಯ ನಿಮಗೆ ಎಲ್ಲಿಂದ ಬಂತು ಎಂದಷ್ಟೇ ಕೇಳುತ್ತಿದ್ದೇನೆ.

ಮಾಡಬೇಕಾದ ಕೆಲಸ ದೊಡ್ಡದಲ್ಲ. ಮ್ಯಾನಿಫೋಲ್ಡ್ ಬಿಚ್ಚಿ ಮೈ ಕೆರೆದು, ನೇರಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಬೇಕು. ಡೊಂಕಿದ್ದರೆ ಫೇಸಿಂಗ್ ಮಾಡಿಸಬೇಕು. ತುಕ್ಕು ಹಿಡಿದ ಸ್ಟಡ್ಡುಗಳನ್ನೂ ಗ್ಯಾಸ್ಕೆಟ್ಟನ್ನೂ ಹೊಸದು ಹಾಕಿ, ಕಂಪನಿ ಹೇಳಿದ ಕ್ರಮದಲ್ಲಿ, ಸಾಮಾನ್ಯವಾಗಿ ನಡುವಿನಿಂದ ತುದಿಗಳ ಕಡೆಗೆ, ಎರಡು ಮೂರು ಸುತ್ತಿನಲ್ಲಿ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಒಂದು ಟ್ರಿಪ್ ತಪ್ಪುತ್ತದೆ, ನಿಜ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದವರು ಲಾರಿ ನೋಡಿರಲಿಲ್ಲ, ನೋಡಿದ್ದರೆ ಗ್ಯಾಸ್ಕೆಟ್ ಎನ್ನುತ್ತಿದ್ದರು.

ನಾಳೆ ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಇಳಿದು ಪಕ್ಕಕ್ಕೆ ಬಂದು ಕೇಳಿ. ಟಿಕ್ ಟಿಕ್ ಎಂದರೆ ಎಂಜಿನ್ ಆರಿಸಿ, ಲೋಡ್ ಇಳಿಸಿ.