ಎರಡು ಪಟ್ಟಿಯ ನಾಯಕ

ರಾಂಜಣಗಾಂವದ ಕಾರ್ಖಾನೆಗಳ ಗೇಟಿನಲ್ಲಿ ನಿವೃತ್ತ ಸೈನಿಕರು ಕಾವಲು ನಿಂತಿರುವುದನ್ನು ನಾವು ದಿನವೂ ಕಾಣುತ್ತೇವೆ. ಅವರಲ್ಲೊಬ್ಬರು ತಾವು ‘ನಾಯಕ್’ ಆಗಿದ್ದುದಾಗಿ ಹೇಳಿದರೆ, ಸಣ್ಣ ಹುದ್ದೆಯೆಂದುಕೊಂಡು ತಲೆಯಾಡಿಸಿ ಒಳನಡೆಯುತ್ತೇವೆ. ಪಾಳೆಯಗಾರರಿಗೆ ಸಂದ ಹೆಸರು ಸೈನ್ಯದಲ್ಲಿ ತೋಳಿನ ಎರಡು ಪಟ್ಟಿಗೆ ಇಳಿದಿದೆ, ನಿಜ, ಹೊಣೆ ಇಳಿದಿಲ್ಲ. ಸುಮಾರು ಹತ್ತು ಮಂದಿಯ ಸೆಕ್ಷನ್ನಿನಲ್ಲಿ ಅಧಿಕಾರಿ ಇರುವುದಿಲ್ಲ. ಯಾರು ಮುಂದೆ ತೆವಳಬೇಕು, ಯಾರ ಬೂಟಿನೊಳಗೆ ಕಾಲು ಹುಣ್ಣಾಗಿದೆ, ಯಾರಿಗೆ ಊರಿನಿಂದ ಕೆಟ್ಟ ಸುದ್ದಿ ಬಂದಿದೆ ಎಂಬುದನ್ನೆಲ್ಲ ಬಲ್ಲವನು ಅವರೊಡನೆಯೇ ಉಂಡು ಮಲಗುವ ಹವಾಲ್ದಾರ ಅಥವಾ ನಾಯಕ್.

1944ರ ಜುಲೈ 10ರಂದು ಇಟಲಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ನಾಯಕ್ ಯಶವಂತ ಘಾಡ್ಗೆಯವರ ಸೆಕ್ಷನ್ ಮಷಿನ್‌ಗನ್ ಗುಂಡಿಗೆ ಸಿಕ್ಕಿತು. ಅವರೊಬ್ಬರ ಹೊರತು ಎಲ್ಲರೂ ಸತ್ತರು, ಇಲ್ಲವೇ ಗಾಯಗೊಂಡರು. ಆಜ್ಞೆ ಪಾಲಿಸುವವರು ಯಾರೂ ಉಳಿಯದಿದ್ದಾಗ ನಾಯಕನೇ ನುಗ್ಗಿ, ಮಡಿದ. ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಬಂತು. ಆ ರೆಜಿಮೆಂಟಿನ ಕೇಂದ್ರ ನಮ್ಮ ಬೆಳಗಾವಿ.

ಕಾರ್ಯಪ್ಪ, ತಿಮ್ಮಯ್ಯನವರ ಬಗ್ಗೆ ನಾವು ಧಾರಾಳವಾಗಿ ಬರೆದೆವು; ಬರೆಯಬೇಕಾದದ್ದೇ. 2016ರಲ್ಲಿ ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸಿಯಾಚಿನ್‌ನ ಹಿಮದಡಿ ಆರು ದಿನ ಜೀವ ಹಿಡಿದದ್ದನ್ನೂ ಬರೆದೆವು. ಅವರ ಹೆಸರಿನ ಹಿಂದಿದ್ದ ‘ಲ್ಯಾನ್ಸ್ ನಾಯಕ್’ ಎಂಬುದರ ಹೊಣೆ ಏನೆಂದು ಮಾತ್ರ ಕೇಳಲಿಲ್ಲ.