ಹೆಂಡ್ತಿ ಹೊರೋ ಪಿಸ್ತೂಲು ಗಂಡ ಆರಿಸಬಾರದು

ಗಂಡ ಹೆಂಡ್ತಿಗೆ ಸೀರಿ ತರಲಿ, ಬಳಿ ತರಲಿ, ಮಿಕ್ಸರ್ ತರಲಿ, ನನ್ನ ತಕರಾರ ಏನೂ ಇಲ್ಲ. ಸೇರಲಿಲ್ಲಂದ್ರ ಅಂಗಡಿಗೆ ಹೋಗಿ ಬದಲ ಮಾಡ್ಕೊಂಡ ಬಂದ್ರ ಆತು. ಆದ್ರ ಮೈಮ್ಯಾಲೆ ಬಚ್ಚಿಟ್ಕೊಂಡ ಓಡಾಡೋ ಪಿಸ್ತೂಲು ಮಾತ್ರ ಗಂಡ ಒಬ್ಬನ ಹೋಗಿ ಆರಿಸಿ, ರಿಬ್ಬನ್ ಕಟ್ಟಿ, ಹುಟ್ಟಿದ ದಿನಕ್ಕ ಕೈಗೆ ಕೊಡೋ ಸಾಮಾನಲ್ಲ. ಇದು ನನ್ನ ಖಡಕ್ ಅಭಿಪ್ರಾಯ. ಯಾಕ ಅಂತ ಕೇಳ್ರಿ.

ಊರಾಗಿರೋ ಕಾಕು, ಮೌಶಿ, ವೈನಿ ಎಲ್ಲಾರೂ "ಅಯ್ಯ, ಇದೇನವಾ ಇಕಿ ಹಪ್ಪಳ-ಸಂಡಗಿ ಬಿಟ್ಟು ಪಿಸ್ತೂಲಿಗೆ ಬಂದ್ಲು" ಅಂತೀರಿ, ಗೊತ್ತದ. ಆದ್ರ ಇಲ್ಲೆ ಟೆಕ್ಸಾಸ್‌ನಾಗ ಇದು ಮನಿ ವಿಷಯನ. 2021ರ ಸೆಪ್ಟೆಂಬರ್ 1ರಿಂದ ಇಲ್ಲೆ 21 ವರ್ಷ ತುಂಬಿದವರು, ಕಾಯ್ದೆ ಪ್ರಕಾರ ಬಂದೂಕು ಇಟ್ಕೊಳ್ಳಲಿಕ್ಕೆ ಅಡ್ಡಿ ಇಲ್ಲದವರು, ಲೈಸೆನ್ಸ್ ಇಲ್ಲದನ ಪಿಸ್ತೂಲು ಇಟ್ಕೊಂಡ ತಿರುಗಬಹುದು. ಹಿಂಗಾಗಿ ನಮ್ಮ ಕನ್ನಡದ ಮನಿಗಳೊಳಗೂ, ಗಂಡ ರಾತ್ರಿ ಪಾಳಿ ಮಾಡಂವ ಇದ್ರ, ಇಲ್ಲಾ ತಿಂಗಳದಾಗ ಹತ್ತು ದಿನಾ ಟೂರ್ ಇದ್ರ, "ನಿನಗೊಂದು ತಂದು ಕೊಡ್ಲೇನು" ಅನ್ನೋ ಮಾತು ಬಂದ ಬರ್ತದ. ಅವನ ಮನಸ್ಸಿನಾಗ ಇರೋದು ಪ್ರೀತಿ, ಕಾಳಜಿ. ಅದಕ್ಕ ನಾ ಬೆಲಿ ಕೊಡ್ತೀನಿ. ಆದ್ರ ಪ್ರೀತಿಯಿಂದ ತಂದ ಚಪ್ಪಲಿನೂ ಅಳತಿ ಸರಿ ಇಲ್ಲಂದ್ರ ಕಚ್ಚೇ ಕಚ್ತದ.

ಮೊದ್ಲ ಕಾಯ್ದೆ ಮಾತು ಮುಗಸ್ತೀನಿ, ಯಾಕಂದ್ರ ನಮ್ಮ ಮಂದಿ ಇಲ್ಲೇ ಎಡವೋದು. ಎಚ್-1ಬಿ, ಎಚ್-4 ವೀಸಾದ ಮ್ಯಾಲೆ ಇದ್ದವರಿಗೆ ಇಡೀ ಅಮೇರಿಕಾದ ಕಾಯ್ದೆ ಬಂದೂಕು ಇಟ್ಕೋಬ್ಯಾಡ್ರಿ ಅಂತದ. ಬೇಟಿ ಲೈಸೆನ್ಸ್ ಇದ್ದವರಿಗೆ ಅಂತ ಒಂದೆರಡು ಸಣ್ಣ ಸಡಿಲಿಕಿ ಬಿಟ್ರ ಬ್ಯಾರೆ ದಾರಿ ಇಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ, ಸಿಟಿಜನ್ ಆದವರಿಗೆ ಅಡ್ಡಿ ಇಲ್ಲ. ಗಂಡ ಸಿಟಿಜನ್, ಹೆಂಡ್ತಿ ಇನ್ನೂ ವೀಸಾದ ಮ್ಯಾಲೆ ಅಂದ್ರ ಅಕಿ ಸಲುವಾಗಿ ತಂದು ಕೊಡೋದು ಇಬ್ಬರಿಗೂ ಗಂಡಾಂತರ. ಟೆಕ್ಸಾಸ್ ಹೂಂ ಅಂದ್ರೂ ದಿಲ್ಲಿ ಥರಾ ಮ್ಯಾಲೆ ವಾಷಿಂಗ್ಟನ್ ಕೂತದ, ಅದು ಊಹೂಂ ಅಂತದ.

ಇನ್ನ ಆರಿಸೋ ಮಾತಿಗೆ ಬರೋಣು. ಗಂಡಸರು ಹೆಂಡ್ತಿ ಸಲುವಾಗಿ ಅಂಗಡಿಗೆ ಹೋದ್ರ ತರೋದು ಎರಡ ನಮೂನಿ. ಒಂದು, ಎಲ್ಲಾಕ್ಕಿಂತ ಸಣ್ಣದು. ಇನ್ನೊಂದು, ಗುಲಾಬಿ ಬಣ್ಣದ್ದು. "ಹೆಂಗಸರ ಕೈ ಸಣ್ಣದು, ಅದಕ್ಕ ಪಿಸ್ತೂಲೂ ಸಣ್ಣದು" ಅನ್ನೋ ಲೆಕ್ಕ. ಈ ಲೆಕ್ಕ ಪೂರ್ತಿ ತಿರುವ-ಮುರುವ. ಗುಂಡು ಮುಂದ ಹೋಗಬೇಕಾದ್ರ ಪಿಸ್ತೂಲು ಹಿಂದ ಒದಿತದ. ಭಾರ ಇರೋದು ಆ ಒದಿಯೋದನ್ನ ತಾನ ನುಂಗ್ತದ. ಹಗುರ ಇರೋದು ಅಷ್ಟೂ ನಿಮ್ಮ ಕೈಗೆ ದಾಟಸ್ತದ. ಅಲ್ಯುಮಿನಿಯಂ ಮೈಯ ಐದು ಗುಂಡಿನ ಸಣ್ಣ ರಿವಾಲ್ವರ್ ಸುಮಾರು 400 ಗ್ರಾಂ ಇರ್ತದ. ಪರ್ಸಿನಾಗ ಇಟ್ರ ಗೊತ್ತಾಗೂದಿಲ್ಲ, ಹಾರಿಸಿದ ಮ್ಯಾಲೆ ಅಂಗೈ ಗೊತ್ತಾಗ್ತದ. ಮ್ಯಾಲೆ ಅದರ ಟ್ರಿಗರ್ ಒತ್ತಲಿಕ್ಕೆ ಐದು ಕೇಜಿ ಮ್ಯಾಲಿನ ಬಲ ಬೇಕು. ಹಂಗಂದ್ರ ಮಾಲಿನ ತೂಕದ ಹನ್ನೆರಡು ಪಟ್ಟಿಗಿಂತ ಹೆಚ್ಚು ಬಲ ಒಂದ ಬೆರಳಿನಾಗ ಬರಬೇಕು. ಬೆರಳು ಎಳಿಯೋದ್ರಾಗ ಮೂತಿ ಅಲ್ಲಾಡಿ ಗುಂಡು ಬ್ಯಾರೆ ಕಡೆ ಹೋಗ್ತದ. ಅದು ನುರಿತವರ ಕೈಯಾಗ ಛಲೋ ಕೆಲಸ ಮಾಡ್ತದ. ಹೊಸದಾಗಿ ಕಲಿಯೋರ ಕೈಯಾಗ ಅದರಷ್ಟು ಕಠಿಣ ಇನ್ನೊಂದಿಲ್ಲ.

ನಮ್ಮ ಪರಿಚಯದ ಒಬ್ಬಾಕಿಗೆ ಹಿಂಗ ಆತು. ಗಂಡ ಹುಟ್ಟಿದ ದಿನಕ್ಕ ಒಂದು ಅಂಗೈ ಅಗಲದ .380 ಪಿಸ್ತೂಲು ತಂದ. ಅಕಿ ರೇಂಜಿಗೆ ಹೋಗಿ ಐದು ಗುಂಡು ಹಾರಿಸಿದ್ಲು, ಹೆಬ್ಬೆರಳಿನ ಸಂದಿ ಕೆಂಪಗಾತು, ಕಿವಿ ಗುಂಯ್ ಅಂತು, ಮನಿಗೆ ಬಂದು ಕಪಾಟಿನಾಗ ಸೀರಿ ಕೆಳಗ ಇಟ್ಲು. ಎರಡು ವರ್ಷ ಆತು, ಮತ್ತ ಮುಟ್ಟಿಲ್ಲ. ಈಗ ಲೆಕ್ಕ ಹಾಕ್ರಿ: ಮನ್ಯಾಗ ಒಂದು ಪಿಸ್ತೂಲದ, ಅದನ್ನ ನಡಸಲಿಕ್ಕೆ ಬರೋರು ಮನ್ಯಾಗಿಲ್ಲ, ಹುಡುಕಲಿಕ್ಕೆ ಬರೋ ಮಕ್ಕಳು ಮಾತ್ರ ಇದ್ದಾರ. ಇದರಿಂದ ಕಾವಲು ಹೆಚ್ಚಾತೋ, ಅಪಾಯ ಹೆಚ್ಚಾತೋ?

ಊರಿನವರು ನಗಬ್ಯಾಡ್ರಿ, ಈ "ಹೆಂಗಸರದ್ದು ಅಂದ್ರ ಹಗುರ" ಅನ್ನೋ ಹುಚ್ಚು ನಮ್ಮ ದೇಶದಾಗೂ ಅದ. 2014ರಾಗ ಕಾನ್ಪುರದ ಸರ್ಕಾರಿ ಆಯುಧ ಕಾರ್ಖಾನಿ "ನಿರ್ಭೀಕ್" ಅಂತ .32 ರಿವಾಲ್ವರ್ ತಂತು. ದಿಲ್ಲಿಯ ನಿರ್ಭಯಾ ಪ್ರಕರಣ ಆಗಿ ಒಂದ ವರ್ಷದ ಮ್ಯಾಲೆ, ಹೆಂಗಸರ ಸಲುವಾಗಿ ಅಂತ. ಸುಮಾರು 500 ಗ್ರಾಂ ತೂಕ, ಬೆಲಿ 1.22 ಲಕ್ಷ ರೂಪಾಯಿ. ಅಷ್ಟು ರೊಕ್ಕ ಎಷ್ಟು ಹೆಣ್ಣಮಕ್ಕಳ ಕೈಯಾಗ ಇರ್ತದ ಅಂತ ಆವಾಗನ ಮಂದಿ ಕೇಳಿದ್ರು. ಅದೂ ಅಲ್ಲದ ನಮ್ಮಲ್ಲೆ ಲೈಸೆನ್ಸ್ ತಗೋಬೇಕು, ಪೊಲೀಸರ ವಿಚಾರಣಿ ಆಗಬೇಕು, ಎಲೆಕ್ಷನ್ ಬಂತಂದ್ರ ಠಾಣೆಗೆ ಒಯ್ದು ಜಮಾ ಮಾಡಬೇಕು. ಕೊಡಗಿನವರದು ಬ್ಯಾರೆ ಲೆಕ್ಕ. ಅವರಿಗೆ ಬ್ರಿಟಿಷರ ಕಾಲದಿಂದ ಲೈಸೆನ್ಸ್ ವಿನಾಯ್ತಿ ಅದ, ಕೈಲ್‌ಪೊಳ್ದ್ ಹಬ್ಬದಾಗ ಕೋವಿ ಪೂಜಿ ಮಾಡ್ತಾರ, ಅಲ್ಲಿ ಹೆಣ್ಣಮಕ್ಕಳು ತೆಂಗಿನಕಾಯಿಗೆ ಗುರಿ ಇಟ್ಟು ಹೊಡೀತಾರ. ಅವರನ್ನ ನೋಡಿ ಒಂದ ಮಾತು ಕಲೀಬೇಕು. ಹೊಡಿಯಾಕಿ ತಾನ ಕೋವಿ ಹಿಡಿದು ಕಲಿತಿರ್ತಾಳ, ಅದಕ್ಕ ಗುರಿ ಬೀಳ್ತದ.

ಹಂಗಾದ್ರ ಹೆಂಗ ಆರಿಸಬೇಕು? ನನ್ನ ಲೆಕ್ಕದಾಗ ಅಂಗಡಿಗೆ ಹೋಗೋಕ್ಕಿಂತ ಮೊದ್ಲ ರೇಂಜಿಗೆ ಹೋಗಬೇಕು. ಇಲ್ಲೆ ಭಾಳ ರೇಂಜಿನಾಗ ಬಾಡಿಗಿಗೆ ಪಿಸ್ತೂಲು ಕೊಡ್ತಾರ. ಗಂಡನ ಬದಲಿ ಒಬ್ಬ ಕಲಿಸೋರನ್ನ ಜೋಡಿ ಕರ್ಕೊಂಡು ಹೋಗ್ರಿ, ಹೆಂಗಸು ಸಿಕ್ರ ಇನ್ನೂ ಛಲೋ. ಗಂಡ ಕಲಸಲಿಕ್ಕೆ ನಿಂತ್ರ ಕಾರ್ ಕಲಿಸಿದ ಕಥಿನ ಮತ್ತ ಆಗ್ತದ, ನಿಮಗೆಲ್ಲಾ ಗೊತ್ತದ. ನಾ ಹೋದಾಗ ಕಲಿಸಿದಾಕಿ ನಾಕೈದು ನಮೂನಿ ಕೈಗೆ ಕೊಟ್ಟು ಒಂದೊಂದ ನೋಡಸಿದ್ಲು.

ಮೊದಲನೇದು ಹಿಡಿ. ಪಿಸ್ತೂಲು ಮುಂಗೈ ಜೋಡಿ ನೆಟ್ಟಗ ಒಂದ ಗೆರಿಯಾಗ ಇದ್ದಾಗ ತೋರಬೆರಳಿನ ತುದಿ ಆರಾಮಾಗಿ ಟ್ರಿಗರ್ ಮುಟ್ಟಬೇಕು. ಮುಟ್ಟಲಿಕ್ಕೆ ಕೈ ತಿರುವಬೇಕಾತು ಅಂದ್ರ ಅದು ನಿಮ್ಮ ಅಳತಿದಲ್ಲ. ಕಿರಿಬೆರಳಿಗೂ ಹಿಡಿಕಿ ಮ್ಯಾಲೆ ಜಾಗಾ ಇದ್ರ ಹಿಡಿತ ಗಟ್ಟಿ.

ಎರಡನೇದು ಸ್ಲೈಡ್, ಅಂದ್ರ ಹಿಂದಕ್ಕ ಜಗ್ಗಿ ಗುಂಡು ತುಂಬೋ ಮ್ಯಾಲಿನ ಭಾಗ. "ನನಗ ಜಗ್ಗಲಿಕ್ಕೆ ಆಗೂದಿಲ್ಲ" ಅಂತ ಭಾಳ ಮಂದಿ ಕೈ ಚೆಲ್ತಾರ. ಅರ್ಧ ಅದು ಶಕ್ತಿ ಮಾತಲ್ಲ, ಯುಕ್ತಿ ಮಾತು: ಒಂದ ಕೈಲೆ ಸ್ಲೈಡ್ ಗಟ್ಟಿ ಹಿಡಿದು ಇನ್ನೊಂದ ಕೈಲೆ ಹಿಡಿಕಿ ಮುಂದ ನೂಕಬೇಕು. ಮಣಿಕಟ್ಟು, ಕೀಲು ನೋವು ಇದ್ದವರಿಗೆ ಸ್ಲೈಡ್ ಹಗುರ ಇರೋ ಮಾಡಲ್ ಅವ. ಸ್ಮಿತ್ ಆಂಡ್ ವೆಸನ್ ಕಂಪನಿ 2018ರಾಗ ಶೀಲ್ಡ್ ಇಜಡ್ ಅಂತ .380 ತಂದದ್ದು ಇದರ ಸಲುವಾಗಿನ.

ಮೂರನೇದು ತೂಕ. ಗ್ಲಾಕ್ 19 ಅಂಥ ನಡು ಅಳತಿದು ಖಾಲಿ ಮ್ಯಾಗಜೀನ್ ಸಮೇತ 670 ಗ್ರಾಂ ಹತ್ರ ಬರ್ತದ. ಹಾರಸಲಿಕ್ಕೆ ಹಗುರ ಅನಸ್ತದ, ದಿನಾ ಹೊರಲಿಕ್ಕೆ ಭಾರ. ಸಿಗ್ ಪಿ365, ಗ್ಲಾಕ್ 43 ಅಂಥವು ಇವೆರಡರ ನಡುವ. ಯಾವುದು ಛಲೋ ಅಂತ ನಾ ಹೇಳೂದಿಲ್ಲ, ಹೇಳಲೂಬಾರದು. ನೂರು ಗುಂಡು ಹಾರಿಸಿದ ಮ್ಯಾಲೂ "ಇನ್ನೊಂದು ಮ್ಯಾಗಜೀನ್ ಕೊಡ್ರಿ" ಅನಸ್ತದೋ ಇಲ್ಲೋ, ಅದ ಪರೀಕ್ಷಾ. ಬ್ಯಾಸರ ಬರೋದನ್ನ ಯಾರೂ ರೂಢಿ ಮಾಡೂದಿಲ್ಲ, ರೂಢಿ ಇಲ್ಲದ್ದು ಹೊತ್ತಿಗೆ ಬರೂದಿಲ್ಲ.

ಇನ್ನ ಎಲ್ಲಿ ಇಟ್ಕೋಬೇಕು? ಗಂಡಸರಿಗೆ ಪ್ಯಾಂಟು, ದಪ್ಪ ಬೆಲ್ಟು ಅದ, ಮುಗೀತು. ನಮಗ ಸೀರಿ, ಚೂಡಿದಾರ, ಲೆಗ್ಗಿಂಗ್. ನಡಕ್ಕ ಏನೂ ನಿಲ್ಲೂದಿಲ್ಲ. ಅದಕ್ಕ ಎಲ್ಲಾರೂ "ಪರ್ಸಿನಾಗ ಇಟ್ಕೋ" ಅಂತಾರ. ಅದರ ಸಲುವಾಗಿನ ಗುಪ್ತ ಖಾನಿ ಇರೋ ಪರ್ಸ್ ಮಾರ್ತಾರ. ಈಗ ಒಂದ ಖರೇ ಘಟನಾ ಹೇಳ್ತೀನಿ. 2014ರ ಡಿಸೆಂಬರ್ 30. ಐಡಾಹೊ ರಾಜ್ಯದ ಹೇಡನ್ ಊರಾಗ 29 ವರ್ಷದ ತಾಯಿ ಮಕ್ಕಳ ಜೋಡಿ ದೊಡ್ಡ ಅಂಗಡಿಗೆ ಹೋಗಿದ್ಲು. ಪರ್ಸ್ ಗಾಡ್ಯಾಗಿತ್ತು, ಗಾಡ್ಯಾಗ ಎರಡು ವರ್ಷದ ಮಗ ಕೂತಿದ್ದ. ಪಿಸ್ತೂಲು ಇಡಲಿಕ್ಕಂತ ಮಾಡಿದ ಆ ಪರ್ಸು ಕ್ರಿಸ್‌ಮಸ್‌ಗೆ ಗಂಡ ಕೊಟ್ಟ ಕಾಣಿಕಿ. ಕೂಸು ಜಿಪ್ ತಗದು ಕೈ ಹಾಕ್ತು, ಗುಂಡು ಹಾರ್ತು, ತಾಯಿ ಅಲ್ಲೇ ಹೋದ್ಲು. ಅಕಿ ಬಂದೂಕು ಗೊತ್ತಿಲ್ಲದಾಕಿ ಅಲ್ಲ, ಸಣ್ಣಾಕಿದ್ದಾಗಿಂದ ಬಂದೂಕಿನ ಜೋಡಿನ ಬೆಳೆದಾಕಿ, ಲೈಸೆನ್ಸ್ ಇದ್ದಾಕಿ. ನಮ್ಮ ಪರ್ಸಿನಾಗ ಕೂಸು ಕೈ ಹಾಕೋದು ದಿನಕ್ಕ ಎಷ್ಟ ಸಲ? ಚಾಕಲೇಟಿಗೆ, ಫೋನಿಗೆ, ಟಿಶ್ಯೂಗೆ. ಅದಕ್ಕ ನಾ ಪರ್ಸಿಗೆ ಪೂರಾ ವಿರುದ್ಧ. ಇಟ್ಕೊಳ್ಳೋದಾದ್ರ ಮೈಮ್ಯಾಲೆ, ಟ್ರಿಗರ್ ಪೂರ್ತಿ ಮುಚ್ಚೋ ಗಟ್ಟಿ ಹೋಲ್ಸ್ಟರಿನಾಗ. ಆಗೂದಿಲ್ಲಂದ್ರ ಒಯ್ಯೋದ ಬ್ಯಾಡ.

ಮನ್ಯಾಗ ಇದ್ದಾಗ ಕೀಲಿ. ಸೀರಿ ಕೆಳಗ, ದಿಂಬಿನ ಕೆಳಗ, ಅಕ್ಕಿ ಡಬ್ಬಿ ಹಿಂದ ಅನ್ನೋದು ಜಾಗಾ ಅಲ್ಲ. ನಮ್ಮ ಮಕ್ಕಳು ದೀಪಾವಳಿ ಕರದಂಟು ಎಲ್ಲಿಟ್ರೂ ಹುಡುಕ್ತಾವ, ಇದನ್ನ ಬಿಡ್ತಾವೇನು? ಬೆರಳಿಟ್ರ ಇಲ್ಲಾ ನಂಬರ್ ಒತ್ತಿದ್ರ ತಗಿಯೋ ಸಣ್ಣ ಪೆಟ್ಟಿಗಿ ಸಿಗ್ತಾವ. ಟೆಕ್ಸಾಸ್‌ನಾಗ 17 ವರ್ಷದೊಳಗಿನ ಮಕ್ಕಳ ಕೈಗೆ ತುಂಬಿದ ಬಂದೂಕು ಸಿಗೋ ಹಂಗ ಬಿಡೋದು ಅಪರಾಧ. ಪೆಟ್ಟಿಗಿ ಬಜೆಟ್‌ನಾಗ ಇಲ್ಲಂದ್ರ ಪಿಸ್ತೂಲೂ ಬಜೆಟ್‌ನಾಗ ಇಲ್ಲ ಅಂತನ ತಿಳ್ಕೋಬೇಕು.

ಈಗ ಗಂಡಸರು ಯಾರೂ ಎತ್ತದ ಒಂದು ಮಾತು. ನಮ್ಮ ಸಂಬಂಧದಾಗ ಒಬ್ಬ ಹುಡುಗಿಗೆ ಮೂರು ತಿಂಗಳ ಕೂಸು. ಬಾಣಂತನಕ್ಕ ಬಂದ ಅವ್ವ ಊರಿಗೆ ಹೋಗ್ಯಾಳ. ಹುಡುಗಿ ಸರಿ ನಿದ್ದಿ ಮಾಡವಲ್ಲಳು, ಕಾರಣ ಇಲ್ಲದ ಅಳ್ತಾಳ. ಗಂಡನ ಹೊಸಾ ನೌಕರಿ, ವಾರದಾಗ ನಾಕು ದಿನಾ ಊರಾಗ ಇರೂದಿಲ್ಲ. "ಒಬ್ಬಾಕಿನ ಇರ್ತಾಳ, ಹೆದರ್ತಾಳ, ಯಾವ ಪಿಸ್ತೂಲು ಕೊಡಸ್ಲಿ ವೈನಿ" ಅಂತ ಅಂವ ನನ್ನ ಕೇಳ್ದ. ನಾ ಹೇಳಿದೆ, "ಈಗ ಯಾವುದೂ ಬ್ಯಾಡಪಾ. ಮೊದ್ಲ ಡಾಕ್ಟರ್ ಕಡೆ ಕರ್ಕೊಂಡು ಹೋಗು, ಆಮ್ಯಾಲೆ ಅವರವ್ವಂದು ಟಿಕೆಟ್ ಮಾಡಸು." ಸುಮ್ಮ ಅಂಜಿಸಲಿಕ್ಕೆ ಹೇಳಿದ್ದಲ್ಲ. ಸ್ಟ್ಯಾನ್‌ಫರ್ಡ್‌ನವರು 2020ರಾಗ ಕ್ಯಾಲಿಫೋರ್ನಿಯಾದ ಕೋಟಿಗಟ್ಟಲೆ ಮಂದಿ ದಾಖಲೆ ನೋಡಿ ಪ್ರಕಟ ಮಾಡಿದ ಅಧ್ಯಯನದಾಗ, ಕೈಬಂದೂಕು ಇದ್ದ ಹೆಂಗಸರು ಅದರಿಂದ ತಮ್ಮ ಜೀವ ತಾವ ಕಳ್ಕೊಳ್ಳೋದು, ಇಲ್ಲದ ಹೆಂಗಸರಿಗಿಂತ 35 ಪಟ್ಟು ಹೆಚ್ಚು ಕಂಡು ಬಂತು. ಈ ದೇಶದಾಗ ಬಂದೂಕಿನಿಂದ ಆಗೋ ಸಾವಿನಾಗ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆನ. ಕಳ್ಳ ಬರ್ತಾನೋ ಇಲ್ಲೋ ದೇವರಿಗೆ ಗೊತ್ತು. ಮನಸ್ಸು ಕುಸಿದ ರಾತ್ರಿ ಮಾತ್ರ ಬಾಣಂತಿ ಇರೋ ಮನಿಗೆ, ನೌಕರಿ ಹೋದ ಮನಿಗೆ, ಗಂಡ-ಹೆಂಡ್ತಿ ಕೈ ಎತ್ತೋ ಮನಿಗೆ ಹೇಳದ ಕೇಳದ ಬರ್ತದ. ಅಂಥ ಹೊತ್ತಿನಾಗ ಪಿಸ್ತೂಲು ಇದ್ದ ಮನಿಯವರೂ ಅದನ್ನ ಸ್ವಲ್ಪ ದಿನಾ ಹೊರಗ ಇಡೋದ ಶಾಣ್ಯಾತನ. ಮಾತಾಡಲಿಕ್ಕೆ ಇಲ್ಲೆ 988, ನಮ್ಮೂರಾಗ ಟೆಲಿ-ಮಾನಸ್ 14416. ನಂಬರ್ ಬರ್ಕೊಂಡು ಫ್ರಿಜ್ಜಿನ ಮ್ಯಾಲೆ ಹಚ್ರಿ.

ಹಂಗಂತ ಯಾರೂ ಇಟ್ಕೋಬಾರದು ಅಂತ ನನ್ನ ವಾದ ಅಲ್ಲ. ರಾತ್ರಿ ಹನ್ನೆರಡಕ್ಕ ಅಂಗಡಿ ಬಾಗಲಾ ಹಾಕಿ ರೊಕ್ಕ ತಗೊಂಡ ಬರೋ ಹೆಣ್ಣಮಗಳಿಗೆ, ಹಿಂದ ಬಿದ್ದವನ ಕಾಟಕ್ಕ ಕೋರ್ಟಿಗೆ ಹೋಗಿ ಬಂದಾಕಿಗೆ, "ನಿನಗ ಯಾಕ ಬೇಕು" ಅಂತ ಕೇಳೋ ಹಕ್ಕು ನನಗಿಲ್ಲ. ನಾನೂ ನೋಡಿ, ಕಲ್ತು, ನನ್ನ ಕೈಗೆ ಹೊಂದೋದನ್ನ ನಾನ ಆರಿಸೀನಿ. ಮನಿಯವರು ಮೆಚ್ಚಿದ್ದು ಬ್ಯಾರೆ ಇತ್ತು, ಇರಲಿ. ಅದು ಪೆಟ್ಟಿಗ್ಯಾಗ ಇರ್ತದ, ತಿಂಗಳಿಗೊಮ್ಮೆ ರೇಂಜಿಗೆ ಬರ್ತದ, ಗುಡಿಗೆ, ಕನ್ನಡ ಕೂಟಕ್ಕ, ಮಕ್ಕಳ ಸಾಲಿಗೆ ಬರೂದಿಲ್ಲ.

ಗಂಡಸರಿಗೆ ನನ್ನ ವಿನಂತಿ ಇಷ್ಟ. ನಿಮ್ಮ ಹೆಂಡ್ತಿ ಮ್ಯಾಲೆ ಕಾಳಜಿ ಇದ್ರ ಪಿಸ್ತೂಲಿನ ಬದಲಿ ಆರು ತಾಸಿನ ಕ್ಲಾಸಿನ ಫೀ ಕೊಡ್ರಿ, ಅಕಿ ರೇಂಜಿಗೆ ಹೋದಾಗ ನೀವು ಮನ್ಯಾಗ ಮಕ್ಕಳನ್ನ ನೋಡ್ಕೋರಿ. ಕಲ್ತು ಬಂದ ಮ್ಯಾಲೆ ಅಕಿ "ಇದು ಬೇಕು" ಅಂದ್ರ ಅದನ್ನ ತರ್ರಿ. "ನನಗ ಬ್ಯಾಡ, ಬಾಗಲಕ್ಕ ಛಲೋ ಕೀಲಿ, ಅಂಗಳಕ್ಕ ದೀಪ, ಒಂದು ನಾಯಿ ಸಾಕು" ಅಂದ್ರ ಅದನ್ನೂ ಅಷ್ಟ ಖುಷಿಲೆ ತರ್ರಿ. ಹೊರಾಕಿ ಅಕಿ, ಹಾರಿಸಬೇಕಾದ ಬಂದ್ರ ಜನ್ಮ ಪೂರ್ತಿ ಅದನ್ನ ನೆನಸಾಕೀನೂ ಅಕಿನ. ಅಂದ ಮ್ಯಾಲೆ ಹೂಂ ಅನ್ನೋದೂ ಊಹೂಂ ಅನ್ನೋದೂ ಅಕಿ ಬಾಯಿಂದನ ಬರಲಿ.